ಆಳು-ಮೊಳ

ಹಲಗೆಯ ಮೇಲೆ ಬರೆದೆ:
ತಿರುಗುಬಲ ಎಂದರೆ ಬಲ ಗುಣಿಸು ದೂರ.
ಒಂದು ಗೀಟು ಎಳೆದೆ, ಗೀಟಿನಡಿ ತ್ರಿಕೋನ,
ಅದು ಆನಿಕೆ. ಈ ತುದಿಗೆ ಭಾರ, ಆ ತುದಿಗೆ ಯತ್ನ.
ಸಿದ್ದಾಪುರದ ಸರ್ಕಾರಿ ಹೈಸ್ಕೂಲು, ಒಂಬತ್ತನೆಯ ಬಿ,
ತೋಟಕ್ಕೆ ಆನೆ ಇಳಿದ ದಿನ; ಹಾಜರಿ ಹದಿನೇಳು.

ಕೊನೆಯ ಬೆಂಚಿನಿಂದ ಸಫೂರಾ ಕೇಳಿದಳು:
'ಗುಣಿಸೋದು ಯಾಕೆ ಸಾರ್? ಕೂಡಿದ್ರೆ ಆಗಲ್ವಾ?'

ಹದಿನಾಲ್ಕು ವರ್ಷ ಕಲಿಸಿದ್ದೆ ಈ ಪಾಠ.
ಯಾರೂ ಕೇಳಿರಲಿಲ್ಲ.
ಬಾಗಿಲು ತೋರಿಸಿದೆ: ಕೀಲಿನ ಬದಿ ನೂಕಿ ನೋಡು,
ಈಗ ಹಿಡಿಯ ಬಳಿ ನೂಕು.
ನೂಕಿದಳು. ಎರಡು ಸಲವೂ ಬಾಗಿಲು ಕಿರ್ರೆಂದಿತು.
'ದೂರ ಹೋದ್ರೆ ಹಗುರ, ಅದು ಗೊತ್ತು ಸಾರ್.
ಗುಣಿಸೋದು ಯಾಕೆ?'
ಗಂಟೆ ಹೊಡೆಯಿತು. ಆ ಗಂಟೆಗೆ ನನ್ನ ನಮಸ್ಕಾರ.

ಶನಿವಾರ, ಅರ್ಧ ದಿನ. ಕರಡಿಗೋಡು ರಸ್ತೆಯ ತಿರುವಲ್ಲಿ
ಬಸ್ಸು ನಿಂತಿತು. ಲಾರಿಯಿಂದ ಜಾರಿದ
ಸಿಲ್ವರ್ ಓಕಿನ ದಿಮ್ಮಿ ರಸ್ತೆಗಡ್ಡ ಮಲಗಿತ್ತು,
ಮೈತುಂಬ ಇನ್ನೂ ಮೆಣಸಿನ ಬಳ್ಳಿ ಕಚ್ಚಿದ ಗುರುತು.
ಡ್ರೈವರು ಬೈದ. ಕಂಡಕ್ಟರು ಯಾರಿಗೋ ಫೋನು ಮಾಡಿದ.
ಎಂಟು ಜನ ಇಳಿದು ಒಂದು ತುದಿಗೆ ಕೈಹಚ್ಚಿದೆವು;
ದಿಮ್ಮಿ ನಮ್ಮನ್ನು ಗಮನಿಸಲಿಲ್ಲ.

ಡಿಪೋ ಕಡೆಯಿಂದ ಕುಂಞಾಲಿ ಬಂದ,
ಹುಟ್ಟುಕಿವುಡ, ಮಾತಿಲ್ಲ,
ಮೂವತ್ತು ವರ್ಷ ಮರ ಹೇರಿ ಒಂದು ಕಡೆ ತಗ್ಗಿದ ಹೆಗಲು.
ಹಿಂದೆಯೇ ಸೈಕಲ್ಲು ತಳ್ಳುತ್ತ ಮಗಳು. ಸಫೂರಾ!
ನನ್ನ ಹಾಜರಿ ಪುಸ್ತಕದಲ್ಲಿ ಇದು ಯಾವುದೂ ಇರಲಿಲ್ಲ.

ಅವನು ದಿಮ್ಮಿಯ ಸುತ್ತ ಒಂದು ಸಲ ನಡೆದ.
ಕಾಲಲ್ಲೇ ಕಲ್ಲೊಂದನ್ನು ಹೊರಳಿಸಿ ಒತ್ತಿಗಿಟ್ಟ,
ಅದರ ಮೇಲಿಂದ ಆರು ಮೊಳದ ಗಳ ತೂರಿಸಿದ,
ಎರಡು ಬೆರಳೆತ್ತಿ ತೋರಿಸಿದ, ನನ್ನ ಕಡೆ, ಡ್ರೈವರ ಕಡೆ.
'ಇಬ್ಬರು ಸಾಕಂತೆ. ತುದಿಗೆ ಬರಬೇಕಂತೆ.
ಹಾಗಲ್ಲ ಸಾರ್, ನೇರ ಕೆಳಗೆ ಒತ್ತಬೇಕು.
ಗಳದ ಉದ್ದಕ್ಕೇ ನೂಕಿದ್ರೆ ಎಷ್ಟು ಬಲ ಇದ್ರೂ ದಂಡ ಅಂತೆ.'

ಅದಕ್ಕೂ ಸನ್ನೆ ಅನ್ನುತ್ತೇವೆ, ಇದಕ್ಕೂ ಸನ್ನೆ.
ಹುಟ್ಟಿದಾಗಿನಿಂದ ಈ ಭಾಷೆಯಲ್ಲಿದ್ದು
ಎರಡನ್ನೂ ಒಂದೇ ಕೈಯಲ್ಲಿ ನೋಡಿದ್ದು ಅವತ್ತು.

ಒತ್ತಿದೆವು. ನನ್ನ ಕೈ ಎದೆಯಿಂದ ಮೊಣಕಾಲಿಗೆ ಇಳಿಯಿತು,
ದಿಮ್ಮಿ ಎದ್ದದ್ದು ನಾಲ್ಕು ಬೆರಳು.
ಇಷ್ಟೇನಾ, ಅನ್ನಿಸಿತು.
ಆ ನಾಲ್ಕು ಬೆರಳಿನೊಳಗೆ ಕುಂಞಾಲಿ ಒಂದು ತುಂಡು ಇಟ್ಟ.
ಮತ್ತೆ. ಮತ್ತೆ ನಾಲ್ಕು ಬೆರಳು.

ಎಲ್ಲರೂ ದಿಮ್ಮಿ ನೋಡುತ್ತಿದ್ದರು.
ಸಫೂರಾ ನನ್ನ ಕೈ ನೋಡುತ್ತಿದ್ದಳು, ಎಲ್ಲಿಂದ ಎಲ್ಲಿಗೆ,
ಗಾಳಿಯಲ್ಲೇ ಗೇಣು ಹಾಕುತ್ತ. ಆಮೇಲೆ ಬಗ್ಗಿ ಗಳ ಅಳೆದಳು:
ಕಲ್ಲಿನಾಚೆ ಅರ್ಧ ಮೊಳ, ಈಚೆ ಐದೂವರೆ.
'ಸಾರ್, ಮರ ಒಂದು ಪಾಲು ಏಳೋದಕ್ಕೆ
ನಿಮ್ಮ ಕೈ ಹನ್ನೊಂದು ಪಾಲು ಓಡ್ತು.
ಭಾರದಲ್ಲಿ ಉಳಿಸಿದ್ದನ್ನ ದೂರದಲ್ಲಿ ತೆತ್ತಿರಿ.
ಗುಣಿಸಿದ್ರೇ ಎರಡು ಕಡೆ ಸಮ.
ಕೂಡಿದ್ರೆ ಹೊಂದಲ್ಲ, ಈಗ ನೋಡಿದೆ.'
ಅವಳ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟುಕೊಂಡು
ಸೈಕಲ್ಲಿನ ಚೈನು ಸರಿಮಾಡತೊಡಗಿದಳು.

ಪರೀಕ್ಷೆಯಲ್ಲಿ ಅದೇ ಬಂತು: ಸನ್ನೆಯ ತತ್ವ, ಚಿತ್ರಸಹಿತ.
ಅವಳ ಚಿತ್ರದಲ್ಲಿ ತ್ರಿಕೋನವಿಲ್ಲ, ಪಾಚಿ ಹಿಡಿದ ಕಲ್ಲು.
ತುದಿಯಲ್ಲಿ ಇಬ್ಬರು, ಒಬ್ಬನಿಗೆ ಕನ್ನಡಕ, ಹೊಟ್ಟೆ.
ಕೆಳಗೆ ಲೆಕ್ಕ:
ಎರಡು ಆಳು, ಐದೂವರೆ ಮೊಳ, ಹನ್ನೊಂದು ಆಳು-ಮೊಳ.
ಇಪ್ಪತ್ತೆರಡು ಆಳಿನ ಭಾರ, ಅರ್ಧ ಮೊಳ, ಹನ್ನೊಂದು ಆಳು-ಮೊಳ.
ಏಕಮಾನ ತಪ್ಪು ಎಂದು ಕೆಂಪಲ್ಲಿ ಬರೆದು
ಅರ್ಧ ಅಂಕ ಕಳೆದೆ. ನಿಯಮ.

ಪೋಷಕರ ಸಭೆಗೆ ಕುಂಞಾಲಿ ಬಂದಿದ್ದ, ಇಸ್ತ್ರಿ ಅಂಗಿಯಲ್ಲಿ.
ಉತ್ತರಪತ್ರಿಕೆಯ ಆ ಕೆಂಪಿನ ಮೇಲೆ ಬೆರಳಿಟ್ಟು
ಹುಬ್ಬೆತ್ತಿ ನನ್ನನ್ನು ನೋಡಿದ: ಇದೇನು?
ನ್ಯೂಟನ್-ಮೀಟರಿಗೆ ಸನ್ನೆ ನನಗೆ ಗೊತ್ತಿರಲಿಲ್ಲ.
ಸಫೂರಾ ಪಕ್ಕದಲ್ಲೇ ನಿಂತಿದ್ದಳು,
ಸಹಾಯಕ್ಕೆ ಬರಲಿಲ್ಲ.