ಏಳನೆಯ ಹೆಂಡತಿ

ಬೆಟ್ಟದ ಮೇಲೆ ಲೋಕದ ಸಾಲದ ಲೆಕ್ಕ ನಡೆದಿತ್ತಂತೆ.
ಕೆಳಗೆ, ಶಿಡ್ಲಘಟ್ಟದ ನಮ್ಮ ಬೀದಿಗೆ
ಮೂರು ದಿನ ಮೊದಲೇ ಸುಣ್ಣ ಬಂತು,
ಚರಂಡಿಗೆ ಹಲಗೆ ಬಂತು,
ನಾಯಿಗಳು ಎಲ್ಲಿಗೋ ಹೋದವು.
ಅಕ್ಮಲ್ ಸಾಬರ ನೂಲು ಬಿಚ್ಚುವ ಮನೆಗೆ ಹೂಕುಂಡ ಬಂದವು,
ಬೆಲೆಚೀಟಿಯ ಸಮೇತ.

"ಪಿಳ್ಳಮ್ಮಾ, ಅವರೆಲ್ಲ ದೇಶ ಆಳುವವರ ಹೆಂಡಂದಿರು,"
ಅಂದರು ಸುಚರಿತಾ ಮೇಡಂ, ಕೈಯಲ್ಲೊಂದು ಹಾಳೆ:
ಹತ್ತು ನಲವತ್ತಕ್ಕೆ ರೇಷ್ಮೆ,
ಹನ್ನೊಂದು ಐದಕ್ಕೆ ಮೆಹಂದಿ,
ಆಮೇಲೆ ಸೀರೆ ಉಡಿಸೋದು, ರಾಗಿ ಬಿಸ್ಕತ್ತು.
"ಹೊಗೆ ಬೇಡ. ವಾಸನೆ ಬೇಡ.
ನೀರು ಉಗುರುಬೆಚ್ಚಗಿದ್ದರೆ ಸಾಕು.
ಹುಳದ ಮಾತಂತೂ ಎತ್ತಲೇಬೇಡಿ.
ಕೇಳಿದರೆ ನಗಿ."

ಮೂವತ್ತೊಂದು ವರ್ಷ ಕುದಿವ ನೀರಲ್ಲಿ ಕೈಯಿಟ್ಟವಳು ನಾನು.
ಬೆರಳ ತುದಿಯಲ್ಲಿ ಗೆರೆಯಿಲ್ಲ,
ಆಧಾರ್ ಯಂತ್ರ ಮೂರು ಸಲ
ನನ್ನನ್ನು ಇಲ್ಲ ಅಂದಿದೆ.
ಉಗುರುಬೆಚ್ಚನೆ ನೀರಿಗೆ ಗೂಡು ಬಾಯಿ ಬಿಡೋದಿಲ್ಲ
ಅಂತ ಹೇಳೋಣ ಅಂದುಕೊಂಡೆ.
ನಗು ಅಂದಿದ್ದರು. ನಕ್ಕೆ.

ಬಂದರು. ಆರು ಜನ ಹೆಂಗಸರು.
ಒಬ್ಬಾಕೆಯ ಚಪ್ಪಲಿ ಹಲಗೆಯ ಸಂದಿಗೆ ಸಿಕ್ಕಿ
ಬರಿಗಾಲಲ್ಲೇ ಒಳಗೆ ಬಂದಳು; ಒಳ್ಳೆಯವಳು.
ಏಳನೆಯವನು ಗಂಡಸು.
ಎತ್ತರದವನು, ಬಿಳಿ ಹುಬ್ಬು,
ಹೆಂಡತಿ ಬೆಟ್ಟದ ಮೇಲಿದ್ದಾಳೆ, ಯಾವುದೋ ನಾಡಿನ ಪ್ರಧಾನಿಯಂತೆ.
ಹಾಳೆ ಬರೆದವರಿಗೆ ಈತ ನೆನಪಾಗಿರಲಿಲ್ಲ.
ಏಳು ಬುಟ್ಟಿ, ಏಳರಲ್ಲೂ ಬಳೆ, ಕುಂಕುಮ, ರವಿಕೆ ಕಣ.
ತನ್ನ ಬುಟ್ಟಿಯನ್ನು ಆತ
ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತಿದ್ದ.
ಬಾಗಿಲಾಚೆ ಮುನಿಲಕ್ಷ್ಮಿ ಸೆರಗು ಕಚ್ಚಿ ನಗುತ್ತಿದ್ದಳು.

ಚರಕ ತಿರುಗಿತು. ನೂಲು, ನಿನ್ನೆ ಸುತ್ತಿಟ್ಟಿದ್ದೇ,
ಬೆಳಕಿಗೆ ಮಿಂಚಿತು. ಆರು ಫೋನು ಮೇಲೆದ್ದವು.
ಆತ ಮಾತ್ರ ಬಗ್ಗಿ ನೀರಿಗೆ ಬೆರಳು ಅದ್ದಿದ,
ನನ್ನ ಬೆರಳು ನೋಡಿದ,
ಮತ್ತೆ ನೀರು ನೋಡಿದ.
ದುಭಾಷಿ ಹುಡುಗ ತಡವರಿಸಿದ:
"ಈ ನೀರು ಅಲ್ಲ, ಅಲ್ವಾ, ಅಂತ ಕೇಳ್ತಿದ್ದಾರೆ."

ಅಲ್ಲ, ಅಂದೆ.

ಪರದೆಯ ಹಿಂದಿನ ಹಂಡೆಯಿಂದ ನಾನೇ
ಎರಡು ಬಿಂದಿಗೆ ತಂದು ಸುರಿದೆ.
ಎದ್ದಿತು ನಮ್ಮ ವಾಸನೆ,
ಮದುವೆಮನೆಗೆ ನನಗಿಂತ ಮುಂಚೆ ಹೋಗಿ
ಮುಂದಿನ ಸಾಲಲ್ಲಿ ಕೂರುವಂಥದು.
ಕರವಸ್ತ್ರಗಳು ಮೂಗಿಗೆ ಹೋದವು.
ಮೇಡಂ ಆ ಹಾಳೆಯಿಂದಲೇ ಗಾಳಿ ಬೀಸಿಕೊಂಡರು.
ಗೂಡುಗಳು ಕುಣಿದವು, ಎಳೆಯ ತುದಿಗಳು
ಕಡ್ಡಿಗೆ ತಾವಾಗಿ ಬಂದು ಹತ್ತಿದವು.
ಆತ ಒಂದನ್ನು ಹಿಡಿದ. ಹರಿಯಿತು.
ಹೆಬ್ಬೆರಳು ಹಿಡಿದು ತೋರಿಸಿದೆ:
ಎಳೀಬಾರದು, ಬರೋಕೆ ಬಿಡಬೇಕು.
ಹುಡುಗ ಬಾಯಿ ತೆರೆಯುವ ಮೊದಲೇ ಕೈಗೆ ತಿಳಿದಿತ್ತು.

ನೂಲು ಮುಗಿದ ಗೂಡಿನಿಂದ ಹುಳ ತೇಲಿಬಂತು,
ನೆನೆದ ಹುರುಳಿಯ ಬಣ್ಣ.
ಅಂಗೈಯಲ್ಲಿಟ್ಟುಕೊಂಡು ಏನೋ ಕೇಳಿದ.
ಮೇಡಂ ನನ್ನತ್ತ ನೋಡುತ್ತ ಜೋರಾಗಿ ನಕ್ಕರು.
ನಾನು ನಗಲಿಲ್ಲ.
"ಒಳಗಿರೋದು ತಾನಾಗಿ ಆಚೆ ಬಂದರೆ
ಎಳೆ ಹರಿದುಹೋಗುತ್ತೆ, ಸ್ವಾಮಿ. ಅದಕ್ಕೇ ಬೇಯಿಸೋದು."
ಹುಡುಗ ಎಷ್ಟು ಹೇಳಿದನೋ, ಎಷ್ಟು ಬಿಟ್ಟನೋ.
ಬರಿಗಾಲಿನಾಕೆ ಫೋನು ಕೆಳಗಿಟ್ಟಳು.
ಆತ ರವಿಕೆ ಕಣ ಬಿಡಿಸಿ, ಹುಳವನ್ನು ಮಡಿಚಿ,
ಕೋಟಿನ ಒಳಜೇಬಿಗೆ ಹಾಕಿಕೊಂಡ.

ಹನ್ನೊಂದು ಐದು. ಹನ್ನೊಂದು ಏಳು.
ಮೆಹಂದಿಯ ಕಡೆ ನಡೆದರು ಎಲ್ಲರೂ,
ಆತನೂ, ಒದ್ದೆ ಕೈ ಒರೆಸಿಕೊಳ್ಳದೆ.

ಮಾರನೆ ದಿನ ಪೇಪರಿನಲ್ಲಿ:
ರೇಷ್ಮೆಗೆ ಮನಸೋತ ನಾಯಕರ ಮಡದಿಯರು.
ಆರು ನಗು. ಅಂಚಿನಲ್ಲಿ ಒಂದು ಕೋಟಿನ ತೋಳು.
ತೋಳಿನ ಪಕ್ಕ ಆವಿ. ಆವಿಯೊಳಗೆ
ನಾನಿದ್ದೇನೆ ಅಂತ ಮುನಿಲಕ್ಷ್ಮಿ ಸಾಧಿಸುತ್ತಾಳೆ.

ಹೂಕುಂಡ ಅಂದು ಸಂಜೆಯೇ ವಾಪಸಾದವು.
ಸಾಬರು ಆ ಹೊತ್ತಿನ ನೂಲು ತೂಗಿದರು: ಹನ್ನೊಂದು ಗ್ರಾಂ.
ಕೂಲಿ ಹಿಡಿಯಲಿಲ್ಲ, ಪಾಪ.
ನಾಯಿಗಳು ಗುರುವಾರ ಬಂದವು,
ಒಂದು ಕಮ್ಮಿ.