ಬತ್ತೀನಿ

ಪಾಂಡವಪುರ, ಸಂಜೆ ಕ್ಲಾಸು. ಕಿಟಕಿಯಾಚೆ
ಕಬ್ಬಿನ ಲಾರಿಗಳ ಸಾಲು.
ಕನ್ನಡ ಎಂ.ಎ. ಮಾಡಿದವಳು ಕೋಡ್ ಕಲಿಸುತ್ತೇನೆ,
ಕೋಡು ಮೂಡಿಲ್ಲ ಇನ್ನೂ.

ವೇರಿಯಬಲ್ ಅಂದರೆ ಸರ್ವನಾಮ ಕಣ್ರೋ,
'ಅದು' ಇವತ್ತು ಚೊಂಬು, ನಾಳೆ ಎಮ್ಮೆ.
ಫಂಕ್ಷನ್ನು ಧಾತು.
ಆವರಣದೊಳಗೆ ಕೂತವು ಕಾರಕಗಳು;
ಪಾಪ, ವಿಭಕ್ತಿಯಿಲ್ಲ,
ಕೂತ ಜಾಗವೇ ಪ್ರತ್ಯಯ.

ಹಿಂದಿನ ಬೆಂಚಿನ ನಂಜಮಣ್ಣಿ:
"ಮಿಸ್, ಕ್ರಿಯಾಪದ ಮೊದಲೇ ಬಂದುಬಿಟ್ರೆ
ಮಾತು ಪೂರ್ತಿ ಕೇಳೋರ್ಯಾರು?"

ಸೀಮೆಸುಣ್ಣ ಬೆರಳಲ್ಲೇ ಉಳಿಯಿತು.
ನಿಜ, ಇದಕ್ಕೆ ಗೊತ್ತಿರುವುದು ವಿಧ್ಯರ್ಥ ಒಂದೇ:
ತಾ, ಇಡು, ಬರೆ, ನಿಲ್ಲು.
'ತನ್ನಿ' ಇಲ್ಲ, 'ತಂದರಾಯ್ತು ಬಿಡು' ಇಲ್ಲ.
ಬಂದಳು, ಇಲ್ಲವೇ ಬರಲಿಲ್ಲ;
ನಡುವಿನ 'ಬಂದಾಳು'
ಎಷ್ಟು ಹುಡುಕಿದರೂ ಇಲ್ಲ.

ಏಳೂವರೆಗೆ ಕೆಂಪಾಜಮ್ಮ
ಬೀಗದ ಗೊಂಚಲು ನನ್ನ ಮೇಜಿನ ಮೇಲಿಟ್ಟಳು.
ಇಪ್ಪತ್ತೆರಡು ವರ್ಷ ಕಸ ಗುಡಿಸಿದವಳು,
ಇವತ್ತು ಕಡೇ ದಿನ.
"ಬತ್ತೀನಿ ಕನವ್ವ" ಅಂದು
ಸೆರಗು ಬಿಗಿದು
ಮೆಟ್ಟಿಲಿಳಿದು ಹೋದಳು.

ಬೋರ್ಡಿನ ಕೊನೇ ಸಾಲಿನಲ್ಲಿ
'ರಿಟರ್ನ್' ಅಂತ ನಾನೇ ಬರೆದದ್ದು.
ಅಳಿಸೋಣವೆಂದರೆ ಡಸ್ಟರು ಕಾಣುತ್ತಿಲ್ಲ.
ಎಲ್ಲಿಟ್ಟಿದ್ದಾಳೋ.