ಮಲಗಿದಳಾ ಅಂತ ಕೇಳಿದೆಯಲ್ಲ

ಫೋನಿನಲ್ಲಿ ಒಂದೇ ಮಾತು ಕೇಳಿದೆ, ಜೆನಿವಾಲ್ದೊ:
"ಮಗು ಮಲಗಿದಳಾ?"
ಹೂಂ ಅಂದೆ. ಸಿಗ್ನಲ್ಲು ಅಲ್ಲಿಗೇ ಸತ್ತಿತು.
ಆ ಹೂಂ ಒಳಗೆ ಮೂರು ರಾತ್ರಿಗಳಿದ್ದವು, ಮಾರಾಯ.

ತೆಫೆಯ ದಡ ಬಿಟ್ಟಾಗ ಸಂಜೆ.
ಹಡಗಿನ ಮೇಲಂತಸ್ತು ಪೂರಾ ಜೋಲಿಗಳು,
ಒಂದರ ಕಂಕುಳಲ್ಲಿ ಇನ್ನೊಂದು,
ನೂರಿಪ್ಪತ್ತು ಜನ ಬಾವಲಿಗಳ ಹಾಗೆ ತೂಗುತ್ತ.
ನಮ್ಮದು ಇಂಜಿನ್ನಿಗೆ ದೂರ, ಕಕ್ಕಸಿಗೂ ದೂರ.
ಆ ಎರಡು ಕೊಕ್ಕೆಗಾಗಿ ಬೆಳಿಗ್ಗೆ ಹತ್ತಕ್ಕೇ ಬಂದು
ಕಾವಿಗೆ ಕೂತ ಕೋಳಿಯ ಹಾಗೆ ಕೂತಿದ್ದೆ.

ಮನೆಯಲ್ಲಿ ಮಾಡುವ ಹಾಗೇ ಮಾಡಿದೆ ಎಲ್ಲ.
ಆರು ಗಂಟೆಗೆ ಬಾಳೆಕಾಯಿ ಗಂಜಿ,
ಬಕೆಟ್ಟಿನ ನೀರಲ್ಲಿ ಕೈಕಾಲು,
ಮೂತಿ ಹರಿದ ಆ ಬಟ್ಟೆಯ ಡಾಲ್ಫಿನ್ನು ತೋಳಿಗೆ.
"ಇದು ನಮ್ಮ ಕತ್ತಲಲ್ಲ" ಅಂದಳು ಮಯಾರಾ.
ಮೂರು ವರ್ಷ. ಕತ್ತಲಲ್ಲೂ
ನಮ್ಮದು, ಪರರದು ಅಂತ ಲೆಕ್ಕ ಅವಳಿಗೆ.

ಸುಳ್ಳೇನಲ್ಲ. ಒಂಬತ್ತರವರೆಗೆ ಟ್ಯೂಬ್‌ಲೈಟು,
ಮೂಲೆಯಲ್ಲಿ ಡಾಮಿನೊ ಕುಟ್ಟುವ ನಾಲ್ಕು ಗಂಡಸರು,
ಕೋಆರಿಯಲ್ಲಿ ನಿಂತಾಗ ನಡುರಾತ್ರಿ
ಕರಿದ ಮೀನು, ಕರಿದ ಮೀನು ಅಂತ ಹತ್ತಿ ಬಂದ ಹುಡುಗರು.
ನಿನಗೆ ಗೊತ್ತಲ್ಲ,
ಗಾಳ ಮೂಸಿ ಮೂಸಿ ಕಚ್ಚದೆ ಹೋಗುವ ಮೀನು?
ನಿದ್ದೆ ಹಾಗೆ ಬಂತು, ಹಾಗೇ ಹೋಯಿತು.
ಆಮೇಲೆ ರಚ್ಚೆ.
ಜೋಲಿ ಜೋಲಿಯಿಂದ ಬುದ್ಧಿಮಾತು:
ಬೆನ್ನು ತಟ್ಟು, ತಟ್ಟಬೇಡ, ಸಕ್ಕರೆ ನೀರು ಕುಡಿಸು,
ಗದರು, ಪಾಪ ಗದರಬೇಡ.

ಪಕ್ಕದ ಜೋಲಿಯ ಮುದುಕಿ, ಡೋನಾ ಒಸ್ಮಾರಿನಾ,
ಕಣ್ಣು ಬಿಡದೆಯೇ ಅಂದಳು:
"ನಮ್ಮನ್ನು ಯಾಕೆ ಕೇಳುತ್ತಿ? ಅವಳನ್ನು ಕೇಳು,
ಏನು ಕಮ್ಮಿಯಾಗಿದೆ ಅಂತ."

ಕೇಳಿದೆ.
ಕೇಳಿಸುವ ಕಿವಿಯನ್ನು ಮೇಲೆ ಮಾಡಿ ಮಲಗಿದ್ದಳು,
ಯಾವಾಗಲೂ ಮಲಗುವ ಹಾಗೆ.
ಬಿಕ್ಕುತ್ತ ಹೇಳಿದಳು,
"ಅಪ್ಪ ಕೆಮ್ಮಿಲ್ಲ."

ನಿನ್ನ ಕೆಮ್ಮು, ಜೆನಿವಾಲ್ದೊ!
ಬೀಡಿ ಬಿಡು ಅಂತ ನಾನು ಶಾಪ ಹಾಕುವ ಕೆಮ್ಮು,
ಬಲೆ ಒಣಹಾಕಿ ಬಂದು ಚಾಪೆಯ ಮೇಲೆ ಕೂತು
ಎರಡು ಸಣ್ಣದು, ಒಂದು ದೊಡ್ಡದು.
ಅದು ಅವಳಿಗೆ ಬಾಗಿಲ ಚಿಲಕ ಹಾಕಿದ ಸದ್ದಂತೆ.
ನಾನು ಕೆಮ್ಮಿ ನೋಡಿದೆ.
"ಅದು ಅಮ್ಮ" ಅಂದಳು, ಜರಿದ ಹಾಗೆ.
ಆಗ ಡಾಮಿನೊದವರಲ್ಲಿ ಒಬ್ಬ, ಗೋಣಿಯಂಥ ಮನುಷ್ಯ,
ಗಂಟಲು ಸರಿಮಾಡಿಕೊಂಡು
ಕೆಮ್ಮಿದ. ಎರಡು ಸಣ್ಣದು. ಕಾದ. ಒಂದು ದೊಡ್ಡದು.
ಹಡಗೇ ಉಸಿರು ಬಿಗಿಹಿಡಿಯಿತು.
ಮಯಾರಾ ಯೋಚಿಸಿದಳು.
ಅಪ್ಪನಲ್ಲ ಅಂತ ಅವಳಿಗೆ ಗೊತ್ತಿತ್ತು, ಆಣೆ.
ಆದರೂ ಮಗ್ಗುಲಾದಳು,
ಕೇಳಿಸುವ ಕಿವಿಯನ್ನು ನನ್ನ ತೋಳಿಗೆ ಒತ್ತಿ
ಲೋಕದ ಕದ ಮುಚ್ಚಿಕೊಂಡಳು.
ಬೆಳಗಿನತನಕ ನನ್ನ ಕೈಗೆ ಜೋಮು.

ಎರಡನೆಯ ರಾತ್ರಿ ಕೆಮ್ಮಿಗೆ ಮುಂಚೆಯೇ ಮಲಗಿದಳು,
ಆ ಮನುಷ್ಯ ತುಸು ಬೇಜಾರಾದ.

ಈಗ ಮನಾಉಸ್‌ನಲ್ಲಿ, ಅಕ್ಕನ ನಾಲ್ಕನೆಯ ಮಹಡಿಯಲ್ಲಿ,
ಕಿವಿಯ ಡಾಕ್ಟರಿಗೆ ಇನ್ನೂ ಎರಡು ದಿನ.
ಇಲ್ಲಿ ನೆಲ ಅಲ್ಲಾಡುವುದಿಲ್ಲ, ಜೆನಿವಾಲ್ದೊ,
ಕೆಳಗೆ ನೀರೇ ಇಲ್ಲ.
ಹುಟ್ಟಿದಂದಿನಿಂದ ತೇಲುವ ಮನೆಯಲ್ಲಿ ಮಲಗಿದವಳು
ಗಟ್ಟಿ ಮಂಚದ ಮೇಲೆ ಕೂತು
"ಮನೆ ನಿಂತುಬಿಟ್ಟಿದೆ" ಅಂತ ಅತ್ತಳು.
ಗೋಡೆಯ ಕೊಕ್ಕೆಗೆ ಜೋಲಿ ಕಟ್ಟಿದೆ,
ಜೋಲಿಗೆ ದಾರ, ದಾರ ನನ್ನ ಹೆಬ್ಬೆರಳಿಗೆ,
ನೆಲದ ಮೇಲೆ ಮಲಗಿ ಕಾಲು ಆಡಿಸಿದೆ.
ನಮ್ಮ ಕೊಳ ಆಡಿಸುವಷ್ಟೇ ಮೆಲ್ಲಗೆ.

ನಾಳೆ ಫೋನು ಹಿಡಿದಾಗ ಮಾತು ಬೇಡ,
ಸಿಗ್ನಲ್ಲು ಹೋಗುವುದರೊಳಗೆ ಒಮ್ಮೆ ಕೆಮ್ಮಿಬಿಡು.

ಮತ್ತೆ ಇದನ್ನೂ ಕೇಳು.
ನಸುಕಿನಲ್ಲಿ ನನಗೆ ಎಚ್ಚರವಾದಾಗ
ಕಾಲು ತಾನಾಗಿ ಆಡುತ್ತಲೇ ಇತ್ತು,
ಜೋಲಿ ತೂಗುತ್ತಲೇ ಇತ್ತು,
ಒಳಗೆ ಡಾಲ್ಫಿನ್ನು ಮಾತ್ರ.
ಅವಳು ಯಾವಾಗಲೋ ಇಳಿದು ಬಂದು
ನನ್ನ ಬೆನ್ನಿಗೆ ಅಂಟಿಕೊಂಡು, ಬಾಯಿ ತೆರೆದು,
ಬೆವರಿ, ಮಲಗಿದ್ದಳು.